ಮತ ಎಂಬ ಒಂದೇ ಮಾತು

ಕನ್ನಡದ 'ಮತ' ಎಂಬ ಪದಕ್ಕೆ ಅಭಿಪ್ರಾಯ, ಧರ್ಮ, ಓಟು ಎಂಬ ಮೂರು ಅರ್ಥಗಳಿವೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಮಗೆ ಇದು ಬಹುಕಾಲ ನಿಘಂಟಿನ ಒಂದು ಕೌತುಕವಾಗಿಯಷ್ಟೇ ಉಳಿದಿತ್ತು. ಮತಾಂತರ, ಬಹುಮತ, ಮತಗಟ್ಟೆ ಎಂಬ ಮಾತುಗಳು ಒಂದೇ ಬೇರಿನಿಂದ ಹುಟ್ಟಿಯೂ ಒಂದರ ಮುಖವನ್ನೊಂದು ನೋಡುವುದಿಲ್ಲವಲ್ಲ ಎಂದು ಗೆಳೆಯರೊಡನೆ ನಕ್ಕದ್ದುಂಟು. 2024ರ ನವೆಂಬರ್ 10ರ ಭಾನುವಾರ, ಡೊಂಬಿವಲಿಯಲ್ಲಿ, ಆ ಮೂರು ಅರ್ಥಗಳೂ ಒಟ್ಟಿಗೆ ನಮ್ಮೆದುರು ಬಂದು ನಿಂತಾಗ ನಗು ಬರಲಿಲ್ಲ.

ನಮ್ಮದು ಸಣ್ಣದೊಂದು ಕನ್ನಡ ಪ್ರಾರ್ಥನಾ ಕೂಟ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಗಳಿಂದ ಹೊರಟು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಸುಮಾರು ಮೂವತ್ತು ಪ್ರೊಟೆಸ್ಟೆಂಟ್ ಮನೆಗಳು. ಭಾನುವಾರ ಸಂಜೆ ಬಾಡಿಗೆಯ ಸಭಾಂಗಣವೊಂದರಲ್ಲಿ ಸೇರುತ್ತೇವೆ. ಹಾಡುತ್ತೇವೆ, ಓದುತ್ತೇವೆ, ಕೊನೆಗೆ ಚಹಾ ಕುಡಿದು ಚದುರುತ್ತೇವೆ. ನಮ್ಮ ಕೂಟದ ಹಿರಿಯರು ನಮ್ಮ ತಂದೆಯವರ ಜತೆಗಾರರು. ಅವರನ್ನು ನಾವು ದೊಡ್ಡಪ್ಪ ಎಂದೇ ಕರೆಯುವುದು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಅಂದು ಚಹಾದ ಹೊತ್ತಿನಲ್ಲಿ ಅವರು ಎದ್ದು ನಿಂತು, ವಿಧಾನಸಭಾ ಚುನಾವಣೆಯ ಅಭ್ಯರ್ಥಿಯೊಬ್ಬರ ಕಡೆಯವರು ತಮ್ಮ ಮನೆಗೆ ಬಂದಿದ್ದರೆಂದು ತಿಳಿಸಿದರು.

"ದಫನಭೂಮಿಗೆ ಜಾಗ ಮಾಡಿಸಿಕೊಡುತ್ತಾರಂತೆ. ನಮ್ಮ ಸಭೆಯ ಅಷ್ಟೂ ಓಟು ಅವರಿಗೇ ಅಂತ ಒಂದು ಪತ್ರ ಬೇಕಂತೆ," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಮಗಾ, ನೀನು ಬರೆದುಕೊಡು. ನಿನ್ನಷ್ಟು ಚಂದದ ಇಂಗ್ಲಿಷ್ ಇಲ್ಲಿ ಯಾರಿಗುಂಟು?" ಎಂದರು.

ದಫನಭೂಮಿ ಎಂಬುದು ಪಾಲಿಕೆಯ ಮರಾಠಿ ಪದ. ಹೂಳುವ ನೆಲ ಎಂದರ್ಥ. ಆ ಪದ ಕಿವಿಗೆ ಬಿದ್ದೊಡನೆ ನಮಗೆ ನೆನಪಾದದ್ದು 2022ರ ಮಳೆಗಾಲದ ಒಂದು ದಿನ. ನಮ್ಮ ತಂದೆಯವರು ತೀರಿಕೊಂಡ ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಮೂರು ಕಡೆ ವಿಚಾರಿಸಿದೆವು. ಒಂದು ಕಡೆ ಜಾಗ ತುಂಬಿತ್ತು. ಇನ್ನೊಂದು ಕಡೆ ಆ ಸಭೆಯ ಸದಸ್ಯರಿಗೆ ಮಾತ್ರ ಅವಕಾಶ. ಮೂರನೆಯ ಕಡೆ ಹಳೆಯ ಸಮಾಧಿಯೊಂದನ್ನು ತೆರೆಯಲು ಯಾರದೋ ಒಪ್ಪಿಗೆ ಬೇಕಿತ್ತು. ಕೊನೆಗೆ ಬಹುದೂರದ ಊರೊಂದರಲ್ಲಿ, ಟಾರ್ಚಿನ ಬೆಳಕಿನಲ್ಲಿ, ನೀರು ನಿಂತ ಗುಂಡಿಗೆ ಅವರನ್ನು ಇಳಿಸಿದೆವು. ಆದ್ದರಿಂದ ದೊಡ್ಡಪ್ಪನ ಮಾತು ಕೇಳಿದಾಗ ನಮ್ಮಲ್ಲಿ ಮೊದಲು ಹುಟ್ಟಿದ್ದು ತತ್ತ್ವವಲ್ಲ, ಆಸೆ. ಆ ಪತ್ರವನ್ನು ಬರೆಯಬೇಕೆಂದೇ ನಮಗೆ ಅನಿಸಿತು.

ಬಾಯಿಂದ ಹೊರಬಂದದ್ದು ಮಾತ್ರ ಬೇರೆ. ನಾವು ಬೇಲಾಪುರದ ಒಂದು ಕೇಂದ್ರ ಸರ್ಕಾರಿ ಕಛೇರಿಯಲ್ಲಿ ನೌಕರರು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 5ನೆಯ ನಿಯಮ ನಮ್ಮ ಮೇಲಿದೆ. ಸರ್ಕಾರಿ ನೌಕರನು ಪಕ್ಷವನ್ನು ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ, ಚುನಾವಣೆಯಲ್ಲಿ ತನ್ನ ಪ್ರಭಾವವನ್ನು ಬಳಸುವಂತಿಲ್ಲ. ಮತ ಹಾಕಬಹುದು, ಆದರೆ ಯಾರಿಗೆ ಹಾಕುವೆನೆಂದಾಗಲಿ ಹಾಕಿದೆನೆಂದಾಗಲಿ ಸುಳಿವು ಕೊಡುವಂತಿಲ್ಲ. ಸಾಲದ್ದಕ್ಕೆ ಆ ವಾರವೇ ನಮಗೆ ಮತಗಟ್ಟೆಯ ಕೆಲಸದ ಆದೇಶವೂ ಬಂದಿತ್ತು. ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿ, ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟೆವು. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಅದು ನಿನ್ನ ನೌಕರಿಯ ಮಾತಾಯಿತು. ನಿನ್ನ ವಿಶ್ವಾಸ ಎಂತ ಹೇಳ್ತದೆ? ನಿಯಮ ಇಲ್ಲದಿದ್ದರೆ ಬರೀತಿದ್ದಿಯೋ ಇಲ್ಲವೋ?"

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷದಿಂದ ನಾವು ನಿಯಮವನ್ನು ಕೊಡೆಯಂತೆ ಹಿಡಿದು ನಡೆದಿದ್ದೇವೆ. ಕ್ರೈಸ್ತ ವಿಶ್ವಾಸಕ್ಕೂ ಮತಪೆಟ್ಟಿಗೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಸರ್ಕಾರಿ ನೌಕರರಿಗೆ ರಾಜಕೀಯ ಸಲ್ಲದು ಎಂದು ಹೇಳಿ ಪಾರಾಗುತ್ತಿದ್ದೆವು. ಆ ವಾರ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರ ಎಂಬ ನಿತ್ಯದ ಓಡಾಟದಲ್ಲಿ ದೊಡ್ಡಪ್ಪನ ಪ್ರಶ್ನೆಯೂ ನಮ್ಮೊಡನೆ ಓಡಾಡಿತು.

ಬೈಬಲಿನಲ್ಲಿ ಚುನಾವಣೆಯ ಕಥೆ ಒಂದಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯ. ಅಬೀಮೆಲೆಕನೆಂಬವನು ತನ್ನ ತಾಯಿಯ ಊರಾದ ಶೆಕೆಮಿಗೆ ಹೋಗಿ, ತಾನು ಅವರ ರಕ್ತಸಂಬಂಧಿ ಎಂದು ನೆನಪಿಸಿ ಅಧಿಕಾರ ಕೇಳುತ್ತಾನೆ. ಊರವರಿಗೆ ಅಷ್ಟೇ ಸಾಕಾಗುತ್ತದೆ. ಇವನು ನಮ್ಮವನು ಎಂದು ಒಪ್ಪಿ, ದೇವಸ್ಥಾನದ ಬೊಕ್ಕಸದಿಂದಲೇ ಎಪ್ಪತ್ತು ಬೆಳ್ಳಿಯ ನಾಣ್ಯ ತೆಗೆದುಕೊಡುತ್ತಾರೆ. ಆ ಹಣದಲ್ಲಿ ಅವನು ಪುಂಡರನ್ನು ಕೂಡಿಸಿಕೊಂಡು ತನ್ನ ಸೋದರರನ್ನೇ ಕೊಲ್ಲಿಸುತ್ತಾನೆ. ಬದುಕುಳಿದ ಕಿರಿಯವನಾದ ಯೋತಾಮ ಬೆಟ್ಟದ ಮೇಲೆ ನಿಂತು ಊರಿಗೆ ಒಂದು ಕಥೆ ಹೇಳುತ್ತಾನೆ. ಮರಗಳು ಅರಸನನ್ನು ಹುಡುಕಿ ಹೊರಟವು. ಎಣ್ಣೆಮರ, ಅಂಜೂರ, ದ್ರಾಕ್ಷಿ ಮೂರೂ ತಮ್ಮ ತಮ್ಮ ಕೆಲಸ ಬಿಟ್ಟು ಬರಲೊಲ್ಲೆವೆಂದವು. ಕೊನೆಗೆ ಒಪ್ಪಿದ್ದು ಮುಳ್ಳಿನ ಪೊದೆ. ಒಪ್ಪುವಾಗಲೇ ಅದು ಬೆಂಕಿಯ ಮಾತಾಡಿತು. ಮುಂದೆ ಅಬೀಮೆಲೆಕನು ಶೆಕೆಮಿನ ಗೋಪುರಕ್ಕೆ ಕಿಚ್ಚಿಟ್ಟಾಗ, ಅವನನ್ನು ನಮ್ಮವನೆಂದು ಆರಿಸಿದ ಜನರೇ ಅದರೊಳಗೆ ಸುಟ್ಟುಹೋದರು.

ಈ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಆದರೆ ಅದು ನಮ್ಮಂಥವರನ್ನೇ ಎರಡು ಕಡೆಯಿಂದ ಹಿಡಿಯುತ್ತದೆಂದು ಹೊಳೆದದ್ದು ಈಗ. ನಮ್ಮವನೆಂಬ ಒಂದೇ ಕಾರಣಕ್ಕೆ ಒಪ್ಪುವವರು ಒಂದು ಕಡೆ. ನಮ್ಮ ಎಣ್ಣೆ, ನಮ್ಮ ಹಣ್ಣು ನಮಗೆ ಸಾಕೆಂದು ಮನೆಯಲ್ಲೇ ಉಳಿಯುವ ಸಜ್ಜನರು ಇನ್ನೊಂದು ಕಡೆ. 2024ರ ಮೇ 20ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ ಕಲ್ಯಾಣ ಕ್ಷೇತ್ರದ ಹೆಚ್ಚುಕಡಿಮೆ ಅರ್ಧದಷ್ಟು ಮತದಾರರು ಮತ ಹಾಕಲಿಲ್ಲ. ಅವರಲ್ಲಿ ನಮ್ಮ ಕೂಟದವರೂ ಇದ್ದರು. ಸೋಮವಾರದ ರಜೆ ಎಂದು ಊರಿಗೆ ಹೋದವರಿದ್ದರು. ಈ ಲೋಕ ನಮ್ಮದಲ್ಲವೆಂಬ ದೊಡ್ಡ ಮಾತನ್ನು ಸಣ್ಣ ಆಲಸ್ಯಕ್ಕೆ ಹೊದಿಸಿದವರೂ ಇದ್ದರು.

ದೊಡ್ಡಪ್ಪ ಮಾತ್ರ ಎಂದೂ ಮತ ತಪ್ಪಿಸಿದವರಲ್ಲ. 1967ರಲ್ಲಿ, ಮತ ಹಾಕಲು ಇಪ್ಪತ್ತೊಂದು ತುಂಬಿರಬೇಕಾಗಿದ್ದ ಕಾಲದಲ್ಲಿ, ದಕ್ಷಿಣ ಮುಂಬಯಿಯಲ್ಲಿ ಅವರು ಹಾಕಿದ ಮೊದಲ ಮತ ಜಾರ್ಜ್ ಫೆರ್ನಾಂಡಿಸರಿಗೆ. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪಾದ್ರಿಯಾಗಲು ಓದಿ, ಅದನ್ನು ಬಿಟ್ಟು ಮುಂಬಯಿಗೆ ಬಂದು ಕಾರ್ಮಿಕರನ್ನು ಸಂಘಟಿಸಿದ ಆ ತರುಣ ಆ ವರ್ಷ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಅವರನ್ನು ಗೆಲ್ಲಿಸಿದವರಲ್ಲಿ ಬಹುಪಾಲು ಕ್ರೈಸ್ತರಾಗಿರಲಿಲ್ಲ, ಕನ್ನಡಿಗರೂ ಆಗಿರಲಿಲ್ಲ. ಆದರೂ ದೊಡ್ಡಪ್ಪನಿಗೆ ಅವರು "ನಮ್ಮ ಜಾರ್ಜ್". ದಶಕಗಳ ತರುವಾಯ ಅದೇ ಜಾರ್ಜ್ ಕೇಂದ್ರದಲ್ಲಿ ರಕ್ಷಣಾ ಸಚಿವರಾಗಿದ್ದಾಗ ಅವರ ನಿಲುವುಗಳ ಬಗ್ಗೆ ನಮ್ಮ ಮನೆಗಳಲ್ಲೇ ಜಗಳವಾದದ್ದುಂಟು. ಒಬ್ಬನೇ ಮನುಷ್ಯ ಒಂದು ಕಾಲಕ್ಕೆ ನಮ್ಮವನಾಗಿ, ಇನ್ನೊಂದು ಕಾಲಕ್ಕೆ ಪರಕೀಯನಾಗಿ ಕಂಡನೆಂದರೆ, ಹುಟ್ಟು ಮತ್ತು ಹೆಸರು ಮತಕ್ಕೆ ಸಾಕಷ್ಟು ಕಾರಣಗಳಲ್ಲ ಎಂಬುದು ನಮ್ಮ ಅನುಭವದಿಂದಲೇ ಸ್ಪಷ್ಟವಾಗುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಹಿಂದಿನವರು ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದರು. ಬ್ರಿಟಿಷರ ಕಾಲದಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ಕ್ರೈಸ್ತರೇ ಕ್ರೈಸ್ತರನ್ನು ಆರಿಸುವ ವ್ಯವಸ್ಥೆ, ಕೆಲವೆಡೆ ಜಾರಿಯಲ್ಲಿತ್ತು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಕೆ.ಟಿ. ಪಾಲ್ ಅದನ್ನು ವಿರೋಧಿಸಿದರು. ಸ್ವಾತಂತ್ರ್ಯದ ಸಮಯದಲ್ಲಿ ಸಂವಿಧಾನ ಸಭೆಯ ಅಲ್ಪಸಂಖ್ಯಾತರ ಉಪಸಮಿತಿಗೆ ಅಧ್ಯಕ್ಷರಾಗಿದ್ದವರು ಎಚ್.ಸಿ. ಮುಖರ್ಜಿ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ ಬಂಗಾಳಿ ಕ್ರೈಸ್ತರು, ಸಂವಿಧಾನ ಸಭೆಯ ಉಪಾಧ್ಯಕ್ಷರು. 1947ರ ಆಗಸ್ಟಿನಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟು, ಅದರ ಬದಲು ಕೇಂದ್ರದ ಶಾಸನಸಭೆಯಲ್ಲೂ ಮದ್ರಾಸು ಮತ್ತು ಮುಂಬಯಿ ಪ್ರಾಂತಗಳಲ್ಲೂ ಕ್ರೈಸ್ತರಿಗೆ ಸ್ಥಾನಗಳನ್ನು ಮೀಸಲಿಡುವುದೆಂದು ಯೋಚನೆಯಾಗಿತ್ತು. 1949ರ ಮೇ ತಿಂಗಳಲ್ಲಿ ಆ ಮೀಸಲಾತಿಯನ್ನೂ ಬಿಡುವ ತೀರ್ಮಾನ ಬಂದಾಗ ಮುಖರ್ಜಿಯವರು ಅದರ ಪರವಾಗಿ ನಿಂತರು. ಮದ್ರಾಸಿನಿಂದ ಸದಸ್ಯರಾಗಿದ್ದ ಫಾದರ್ ಜೆರೋಮ್ ಡಿಸೋಜ ಕೂಡ ಬೆಂಬಲಿಸಿದರು. ಅವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ.

ಅದು ಬರಿಯ ತ್ಯಾಗವಾಗಿರಲಿಲ್ಲ. ಅದರಲ್ಲಿ ಎರಡೂ ಕಡೆಯ ವಿಶ್ವಾಸವಿತ್ತು. 1948ರ ಡಿಸೆಂಬರಿನಲ್ಲಿ ಧಾರ್ಮಿಕ ಸ್ವಾತಂತ್ರ್ಯದ ವಿಧಿಯಲ್ಲಿ 'ಪ್ರಚಾರ' ಎಂಬ ಪದ ಇರಬೇಕೇ ಬೇಡವೇ ಎಂಬ ವಾದ ಎದ್ದಾಗ, ಅದು ಉಳಿಯಲೆಂದು ವಾದಿಸಿದವರಲ್ಲಿ ಮುಂಬಯಿಯ ಕೆ.ಎಂ. ಮುನ್ಶಿ ಒಬ್ಬರು. ಅವರು ಕ್ರೈಸ್ತರ ಓಟಿಗಾಗಿ ಹಾಗೆ ಮಾಡಿದವರಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ಮಾಡಿದವರು. ನೆರೆಯವರ ಹಕ್ಕನ್ನು ನಾವು ಕಾಯಬೇಕು, ನಮ್ಮ ಹಕ್ಕನ್ನು ನೆರೆಯವರು ಕಾಯುವರೆಂದು ನಂಬಬೇಕು. ಇಂಥ ನಂಬಿಕೆಗೆ ಲಿಖಿತ ಖಾತರಿಯಿಲ್ಲ. ಅದು ಕೆಲವೊಮ್ಮೆ ಹುಸಿಯಾದದ್ದೂ ಇದೆ.

ಇಲ್ಲಿ ದೊಡ್ಡಪ್ಪನ ಮಾತನ್ನು ಹಗುರವಾಗಿ ಕಾಣಬಾರದು. ಫೋನಿನಲ್ಲಿ ನಾವು ಈ ಇತಿಹಾಸವನ್ನು ಹೇಳಿದಾಗ ಅವರೆಂದರು: "ಅವರೆಲ್ಲ ದೊಡ್ಡವರು ಮಾರಾಯ. ಅವರು ಮಾತಾಡಿದರೆ ನೆಹರೂ ಕೇಳ್ತಿದ್ದರು. ನಮ್ಮ ಮೂವತ್ತು ಮನೆಯನ್ನು ಯಾರು ಕೇಳ್ತಾರೆ?" 2011ರ ಜನಗಣತಿಯಂತೆ ದೇಶದಲ್ಲಿ ಕ್ರೈಸ್ತರು ಶೇಕಡಾ 2.3, ಮಹಾರಾಷ್ಟ್ರದಲ್ಲಿ ಶೇಕಡಾ 1ಕ್ಕೂ ತುಸು ಕಡಿಮೆ. ಇಷ್ಟು ಸಣ್ಣ ಸಮುದಾಯ ಒಟ್ಟಾಗಿ ಮತ ಹಾಕದಿದ್ದರೆ ಅದರ ಕಷ್ಟ ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ಭಯದ ಮಾತಾದರೂ ಸುಳ್ಳಿನ ಮಾತಲ್ಲ. ಹೊರನಾಡಿನ ಕನ್ನಡಿಗರಾದ ನಮ್ಮ ಓದುಗರಿಗೂ ಈ ಭಯ ಗೊತ್ತಿರುವಂಥದೇ.

ಈ ವಾದ ಪ್ರತಿವಾದಗಳೆರಡೂ ಮುಂಬಯಿಯದೇ ಒಂದು ಮೊಕದ್ದಮೆಯಲ್ಲಿ ಎದುರುಬದುರಾಗಿವೆ. 1990ರಲ್ಲಿ ಸಾಂತಾಕ್ರೂಜ್ ವಿಧಾನಸಭಾ ಕ್ಷೇತ್ರದಿಂದ ಅಭಿರಾಮ್ ಸಿಂಗ್ ಗೆದ್ದರು. ಧರ್ಮದ ಹೆಸರಿನಲ್ಲಿ ಮತ ಕೇಳಲಾಗಿದೆ ಎಂದು ಸಿ.ಡಿ. ಕಮ್ಮಾಚೆನ್ ಮೊಕದ್ದಮೆ ಹೂಡಿದರು. 1991ರಲ್ಲಿ ಬಾಂಬೆ ಹೈಕೋರ್ಟು ಆ ಆಯ್ಕೆಯನ್ನು ರದ್ದುಗೊಳಿಸಿತು. ಅದರಲ್ಲಿ ಎದ್ದ ಕಾನೂನಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠದ ಮುಂದೆ ಇತ್ಯರ್ಥವಾದದ್ದು 2017ರ ಜನವರಿ 2ರಂದು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಮತ ಕೇಳುವುದೂ ಭ್ರಷ್ಟ ಆಚರಣೆಯೇ ಎಂದು ನಾಲ್ವರು ಹೇಳಿದರು. ಮೂವರು ಭಿನ್ನಮತ ಬರೆದರು. ಧರ್ಮ, ಜಾತಿ, ಭಾಷೆಗಳ ಕಾರಣದಿಂದ ಜನ ಅನುಭವಿಸಿದ ಅನ್ಯಾಯವನ್ನು ಚುನಾವಣೆಯಲ್ಲಿ ಮಾತಾಡಲೇಬಾರದೆಂದರೆ ಪ್ರಜಾಪ್ರಭುತ್ವ ಬಡವಾಗುತ್ತದೆಂಬುದು ಅವರ ಕಾಳಜಿ. ಬಹುಮತದ ತೀರ್ಪೇ ಕಾನೂನು. ಆದರೆ ಆ ಭಿನ್ನಮತ ನಮಗೆ ಒಂದು ವಿವೇಚನೆಯನ್ನು ಕಲಿಸಿತು: ಒಟ್ಟಾಗಿ ಕಷ್ಟ ಹೇಳಿಕೊಳ್ಳುವುದು ಬೇರೆ, ಒಟ್ಟಾಗಿ ಮತವನ್ನು ಒತ್ತೆಯಿಡುವುದು ಬೇರೆ. ನಮ್ಮ ತಂದೆಯವರನ್ನು ಹೂಳಲು ಜಾಗವಿರಲಿಲ್ಲ ಎಂಬುದು ಎಲ್ಲರೂ ಕೇಳಬೇಕಾದ ಕಷ್ಟ. ಅದನ್ನು ತೂಕದ ಕಲ್ಲಾಗಿಟ್ಟು ಮೂವತ್ತು ಮನೆಗಳ ಮನಸ್ಸಾಕ್ಷಿಯನ್ನು ಒಬ್ಬರೇ ಅಳೆದುಕೊಡುವುದು ಸರಿಯಲ್ಲ. ಮತ ಹಾಕುವುದಕ್ಕೆ ನಾವು 'ಮತದಾನ' ಎನ್ನುತ್ತೇವೆ. ಬೆಲೆ ಗೊತ್ತುಮಾಡಿ ಕೊಟ್ಟದ್ದನ್ನು ಯಾರೂ ದಾನವೆನ್ನುವುದಿಲ್ಲ.

ಇಷ್ಟಾದರೂ ದೊಡ್ಡಪ್ಪನ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಕ್ಕಿತ್ತು. ವಿಶ್ವಾಸ ಏನನ್ನು ಮಾಡಬೇಡವೆನ್ನುತ್ತದೆ ಎಂದು ತಿಳಿಯಿತು. ಏನನ್ನು ಮಾಡೆನ್ನುತ್ತದೆ?

ಇದಕ್ಕೆ ಉತ್ತರ ಹುಡುಕುವಾಗ ನಾವು ನಾಚಬೇಕಾದ ಒಂದು ನೆನಪು ಎದ್ದು ಬಂತು. ಮೇ 20ರಂದು ಮತದಾನವಾಯಿತಷ್ಟೆ. ಮೂರೇ ದಿನಗಳ ಅನಂತರ, ಮೇ 23ರ ಮಧ್ಯಾಹ್ನ, ಡೊಂಬಿವಲಿಯ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿತು. ದೂರದ ಮನೆಗಳ ಕಿಟಕಿಯ ಗಾಜುಗಳೂ ಒಡೆದವು. ಹತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರ ದೇಹ ಯಾರದೆಂದು ತಿಳಿಯಲು ಡಿ.ಎನ್.ಎ. ಪರೀಕ್ಷೆ ಬೇಕಾಯಿತು. ಇದೇ ವಸಾಹತಿನಲ್ಲಿ 2016ರ ಮೇ 26ರಂದೂ ಇಂಥದೇ ಸ್ಫೋಟವಾಗಿತ್ತು. ಆ ಭಾನುವಾರ ನಮ್ಮ ಕೂಟದಲ್ಲಿ ನಾವು ದೇವರಿಗೆ ಸ್ತೋತ್ರ ಹೇಳಿದೆವು: ನಮ್ಮವರು ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು. ಸತ್ತವರಿಗಾಗಿ ಒಂದು ಸಾಲು ಪ್ರಾರ್ಥಿಸಿ ಚಹಾ ಕುಡಿದೆವು. ಮನೆಗಳ ನಡುವೆ ಇಂಥ ಕಾರ್ಖಾನೆಗಳು ಏಕಿವೆ, ತಪಾಸಣೆ ಯಾರ ಹೊಣೆ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ನಮ್ಮ ಸತ್ತವರಿಗೆ ನೆಲ ಬೇಕೆಂದಾಗ ಮಾತ್ರ ರಾಜಕೀಯ ನೆನಪಾಯಿತು.

ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ 'ನಾನು' ಎಂಬ ಮಾತೇ ಇಲ್ಲ. ತಂದೆಯೂ ಅನ್ನವೂ ಕ್ಷಮೆಯೂ ಎಲ್ಲವೂ ಬಹುವಚನದಲ್ಲಿವೆ. ಈ ಬರಹದಲ್ಲೂ ನಾವು ನಾವೆಂದೇ ಬರೆಯುತ್ತಿರುವುದು ಆ ಅಭ್ಯಾಸದಿಂದ. ಆದರೆ ಆ 'ನಾವು' ಎಷ್ಟು ದೊಡ್ಡದು? ಮೂವತ್ತು ಮನೆಯಷ್ಟೇ? ನನ್ನ ನೆರೆಯವನು ಯಾರೆಂದು ಕೇಳಿದ ಶಾಸ್ತ್ರಿಗೆ ಯೇಸು ತೋರಿಸಿದ್ದು ಯೆಹೂದ್ಯರು ಹೊಲೆಯೆಂದು ದೂರವಿಟ್ಟ ಸಮಾರ್ಯದವನನ್ನು. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ ಇನ್ನೂ ಕಠಿಣವಾದ ಮಾತಿದೆ. ಬೇಗ ಊರಿಗೆ ಮರಳುವಿರೆಂದು ಆಸೆ ತೋರಿಸುವ ಬದಲು, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಆ ಪರ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಭಾವದಲ್ಲಿ ಆತ ಬರೆಯುತ್ತಾನೆ. ಪರವೂರಿನಲ್ಲಿ ಬಾಳುವ ನಮಗೆ ಇದಕ್ಕಿಂತ ನೇರವಾದ ರಾಜಕೀಯ ಬೋಧನೆ ಬೇಕಿಲ್ಲ. ಡೊಂಬಿವಲಿಯ ಕ್ಷೇಮವೆಂದರೆ ದಿವಾದ ಬಳಿ ಬಾಗಿಲಿಗೆ ಜೋತುಬಿದ್ದವನ ಕ್ಷೇಮ. ರಾಸಾಯನಿಕದ ಪೀಪಾಯಿಯ ಪಕ್ಕ ನಿಂತು ಕೂಲಿ ಮಾಡುವವನ ಕ್ಷೇಮ. ಮತಗಟ್ಟೆಯಲ್ಲಿ ನಮ್ಮ ವಿಶ್ವಾಸ ನಮ್ಮನ್ನು ಕೇಳಬೇಕಾದದ್ದು, ಇವರಲ್ಲಿ ಯಾರ ಪರವಾಗಿ ನೀವು ಒಳಗೆ ಬಂದಿದ್ದೀರಿ ಎಂದು. ಗುಂಡಿ ಯಾವುದೆಂದು ಅದು ಹೇಳುವುದಿಲ್ಲ. ಒಂದೇ ಪ್ರಾರ್ಥನೆ ಹೇಳುವ ಇಬ್ಬರು ಪ್ರಾಮಾಣಿಕವಾಗಿ ಬೇರೆ ಬೇರೆ ಗುಂಡಿ ಒತ್ತಬಹುದು.

ಹೀಗೆ ದುಡಿದವರು ನಮ್ಮ ಸೀಮೆಯಲ್ಲೇ ಇದ್ದರು. ವಸಯಿ 2014ರವರೆಗೆ ಠಾಣೆ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಕ್ಯಾಥೊಲಿಕ್ ಪಾದ್ರಿ, ಮರಾಠಿ ಲೇಖಕ ಫ್ರಾನ್ಸಿಸ್ ದಿಬ್ರಿಟೊ 'ಹರಿತ್ ವಸಯಿ ಸಂರಕ್ಷಣ ಸಮಿತಿ'ಯ ಮುಂದಾಳಾಗಿ ಬಾವಿಯ ನೀರು, ತೋಟ, ಹಸಿರು ನೆಲಗಳಿಗಾಗಿ ಹೋರಾಡಿದರು. ಆ ನೀರನ್ನು ಕುಡಿಯುತ್ತಿದ್ದವರು ಕ್ರೈಸ್ತರು ಮಾತ್ರವಲ್ಲ. ಆ ಹೋರಾಟದಲ್ಲಿ ನಡೆದವರೂ ಕ್ರೈಸ್ತರು ಮಾತ್ರವಲ್ಲ. ಬೈಬಲನ್ನು ಸರಳ ಮರಾಠಿಗೆ ತಂದ ಅವರನ್ನು 2020ರ ಜನವರಿಯಲ್ಲಿ ಉಸ್ಮಾನಾಬಾದಿನ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ತನ್ನ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಅವರು ತೀರಿಕೊಂಡದ್ದು ಈ ಚುನಾವಣೆಗೆ ನಾಲ್ಕು ತಿಂಗಳ ಮೊದಲು, 2024ರ ಜುಲೈ 25ರಂದು.

ನವೆಂಬರ್ 17ರ ಭಾನುವಾರ ನಾವು ಕೂಟದಲ್ಲಿ ಇದನ್ನೆಲ್ಲ ಇಷ್ಟು ಉದ್ದ ಹೇಳಲಿಲ್ಲ. ಆ ಪತ್ರವನ್ನು ಬರೆಯಲಾರೆವು, ನಿಯಮವಿರದಿದ್ದರೂ ಬರೆಯುತ್ತಿರಲಿಲ್ಲ ಎಂದಷ್ಟೇ ಹೇಳಿ, ಸ್ಫೋಟದ ಭಾನುವಾರವನ್ನು ನೆನಪಿಸಿದೆವು. ಕೆಲವರು ಸಿಟ್ಟಾದರು. "ಆದರ್ಶದಲ್ಲಿ ಹೆಣ ಹೂಳಲಿಕ್ಕಾಗುವುದಿಲ್ಲ," ಎಂದರು ಒಬ್ಬರು. ಆ ಮಾತು ನೆಟ್ಟಿತು. ಅದಕ್ಕೆ ಉತ್ತರವೂ ನಮ್ಮಲ್ಲಿರಲಿಲ್ಲ.

ದಾರಿ ತೋರಿದವರು ದೊಡ್ಡಪ್ಪನೇ. ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಿಜಾಪುರದ ಕಡೆಯ ಲಿಂಗಾಯತರ ಮನೆಯೊಂದಿದೆ ಎಂದರು. "ಅವರಲ್ಲೂ ಹೂಳುವುದೇ ಅಲ್ಲವಾ? ಹೋದ ವರ್ಷ ಅಜ್ಜಿ ತೀರಿದಾಗ ಅವರೂ ನಮ್ಮ ಹಾಗೆಯೇ ಅಲೆದರು. ನಾನು ಕೇಳಲೇ ಇಲ್ಲ."

ನಮಗೂ ಅದು ಹೊಳೆದಿರಲಿಲ್ಲ. ಹೂಳುವ ನೆಲ ಬೇಕಾದವರು ಕ್ರೈಸ್ತರಷ್ಟೇ ಅಲ್ಲ. ಲಿಂಗಾಯತರಿಗೆ ಬೇಕು, ಮುಸಲ್ಮಾನರಿಗೆ ಬೇಕು. ಎಳೆಯ ಮಕ್ಕಳನ್ನು ಸುಡದೆ ಹೂಳುವ ಎಷ್ಟೋ ಮನೆಗಳಿಗೆ ಬೇಕು. ಅದು ಶಾಸಕರು ಕೈಯೆತ್ತಿ ಕೊಡುವ ಕಾಣಿಕೆಯಲ್ಲ. ನಗರದ ಅಭಿವೃದ್ಧಿ ಯೋಜನೆಯಲ್ಲಿ ಗುರುತಿಸಿ ಪಾಲಿಕೆ ಒದಗಿಸಬೇಕಾದ ಸೌಕರ್ಯ. ಕಲ್ಯಾಣ–ಡೊಂಬಿವಲಿ ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರಲ್ಲೇ ಮುಗಿದಿತ್ತು. ನಾಲ್ಕು ವರ್ಷ ಕಳೆದರೂ ಹೊಸ ಚುನಾವಣೆ ಆಗಿರಲಿಲ್ಲ. ಕೇಳಲು ನಗರಸೇವಕರಿಲ್ಲದ ಊರಿನಲ್ಲಿ ಸಿಕ್ಕವರ ಬಳಿ ಕೈಚಾಚುವುದು ಅಭ್ಯಾಸವಾಗಿಬಿಟ್ಟಿತ್ತು. ಚುನಾವಣೆ ಮುಗಿದ ಮೇಲೆ, ಯಾರು ಗೆದ್ದರೂ ಸರಿ, ಪಾಲಿಕೆಯ ಆಯುಕ್ತರಿಗೆ ಎಲ್ಲರೂ ಸೇರಿ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಅರ್ಜಿಯಲ್ಲಿ ಮತದ ಮಾತಿರಬಾರದು, ಎರಡೂ ಅರ್ಥದಲ್ಲಿ ಎಂದರು ದೊಡ್ಡಪ್ಪ.

ನವೆಂಬರ್ 19ರಂದು ನಾವು ಯಂತ್ರಗಳ ಪೆಟ್ಟಿಗೆ ಹೊತ್ತು ಕಲ್ಯಾಣ ಪೂರ್ವದ ಶಾಲೆಯೊಂದಕ್ಕೆ ಹೋದೆವು. ರಾತ್ರಿ ಬೆಂಚು ಜೋಡಿಸಿ ಮಲಗಿ, ನಸುಕಿನಲ್ಲಿ ಏಜೆಂಟರ ಎದುರು ಕನಿಷ್ಠ ಐವತ್ತು ಮತಗಳ ಅಣಕು ಮತದಾನ ನಡೆಸಿ, ಅವನ್ನು ಅಳಿಸಿ, ಏಳಕ್ಕೆ ಬಾಗಿಲು ತೆರೆದೆವು. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. 1962ರಿಂದಲೂ ಅದು ದೇಶಕ್ಕೆಲ್ಲ ಹೋಗುವುದು ಅಲ್ಲಿಯ ಬಣ್ಣದ ಕಾರ್ಖಾನೆಯಿಂದ. ಸೀಸೆಯ ಮೇಲೆ ಮೈಸೂರು ಎಂಬ ಹೆಸರು ಕಂಡಾಗ ಸ್ವಲ್ಪ ಹಿಗ್ಗಾಯಿತು.

ಹನ್ನೊಂದರ ಸುಮಾರಿಗೆ ಒಬ್ಬ ಮುದುಕಿ ಬಂದರು. ಕಣ್ಣು ಮಂಜು. ಜೊತೆಗೆ ಯಾರೂ ಇಲ್ಲ. ನಮ್ಮ ಮೇಜಿನ ಬಳಿ ಬಂದು ಮರಾಠಿಯಲ್ಲಿ, ಸಾಹೇಬರೇ, ನೀವೇ ಒತ್ತಿಬಿಡಿ, ನೀವು ಓದಿದವರು ಎಂದರು. ನಾವು ಒತ್ತುವಂತಿಲ್ಲ. ಹದಿನೆಂಟು ತುಂಬಿದ ಸಂಗಾತಿಯನ್ನು ಕರೆತರಬಹುದು; ಆ ಸಂಗಾತಿ ಈ ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಬರೆದುಕೊಡಬೇಕು. ಅದನ್ನು ವಿವರಿಸಿದಾಗ ಆಕೆ ಗೊಣಗುತ್ತಾ ಹೊರಟರು. ಮರಳಿ ಬರುವರೋ ಇಲ್ಲವೋ ಎಂದು ನಮಗೆ ಆತಂಕ. ಅರ್ಧ ಗಂಟೆಯ ಮೇಲೆ ನೆರೆಮನೆಯ ಹುಡುಗಿಯೊಬ್ಬಳ ಕೈಹಿಡಿದು ಬಂದರು. ನಮೂನೆಗೆ ಸಹಿ ಹಾಕಿಸಿಕೊಂಡು ಇಬ್ಬರನ್ನೂ ಮರೆಯೊಳಕ್ಕೆ ಬಿಟ್ಟೆವು. ಒಳಗಿಂದ ಪಿಸುಮಾತು ಕೇಳಿಸಿತು, ಆಮೇಲೆ ಯಂತ್ರದ ಉದ್ದನೆಯ ಸದ್ದು. ಹೊರಬಂದ ಆಕೆ ಶಾಯಿಯ ಬೆರಳನ್ನು ಸೆರಗಿಗೆ ತಾಗದಂತೆ ಮೇಲೆತ್ತಿ ಹಿಡಿದು, ಹುಡುಗಿಯ ಹೆಗಲಿಗೆ ಕೈಯಿಟ್ಟು ಮೆಟ್ಟಿಲಿಳಿದರು. ಧರ್ಮಸಭೆಗಳು ಮತದಾರರಿಗೆ ಮಾಡಬಹುದಾದ ಸೇವೆ ಆ ಹುಡುಗಿ ಮಾಡಿದಷ್ಟೇ ಎಂದು ನಮಗನಿಸಿತು: ಕಾಣದಿದ್ದುದನ್ನು ಓದಿ ಹೇಳುವುದು, ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು.

ಡಿಸೆಂಬರಿನಲ್ಲಿ ಅರ್ಜಿ ಹೋಯಿತು. ಮರಾಠಿ ಕರಡನ್ನು ಲಿಂಗಾಯತರ ಮನೆಯ ಸೊಸೆ ತಿದ್ದಿದರು. ನಾವು ತಿದ್ದಿದ್ದು ಇಂಗ್ಲಿಷ್ ಪ್ರತಿಯ ವ್ಯಾಕರಣವನ್ನಷ್ಟೇ. ಸಹಿಗಳು ನೂರಕ್ಕೂ ಹೆಚ್ಚು; ನಮ್ಮ ಮೂವತ್ತು ಮನೆಗಳು ಅದರಲ್ಲಿ ಅಲ್ಪಸಂಖ್ಯಾತರು. ಅದೇ ಕಟ್ಟಡದವರು ಕಾರ್ಖಾನೆಗಳ ಬಗ್ಗೆ ಇನ್ನೊಂದು ಅರ್ಜಿ ತಯಾರಿಸುತ್ತಿದ್ದಾರೆಂದು ತಿಳಿದು, ದೊಡ್ಡಪ್ಪ ಅದಕ್ಕೂ ಸಹಿ ಹಾಕಿ ಬಂದರು. ಪಾಲಿಕೆಯಿಂದ ಸ್ವೀಕೃತಿಯ ಮುದ್ರೆಯೊತ್ತಿದ ಪ್ರತಿ ಸಿಕ್ಕಿದೆ, ಜಾಗ ಸಿಕ್ಕಿಲ್ಲ.

ಮತದಾನದ ರಾತ್ರಿ ಯಂತ್ರಗಳನ್ನು ಒಪ್ಪಿಸಿ ಮನೆ ಸೇರುವಾಗ ಹನ್ನೊಂದು ದಾಟಿತ್ತು. ದೊಡ್ಡಪ್ಪ ಮಲಗದೆ ಕಾದು ಫೋನು ಮಾಡಿದರು. ಊಟವಾಯಿತೇ ಎಂದು ವಿಚಾರಿಸಿದರು. ತಮ್ಮ ಮತಗಟ್ಟೆಯಲ್ಲಿ ಸಾಲು ಉದ್ದವಿತ್ತು, ಕಾಲು ನೋಯುತ್ತಿದೆ ಎಂದರು. ಯಾರಿಗೆ ಹಾಕಿದಿರಿ ಎಂದು ನಾವು ಕೇಳಲಿಲ್ಲ. 1967ರ ಮತವನ್ನು ಐವತ್ತೇಳು ವರ್ಷದಿಂದ ಹೇಳಿಕೊಂಡು ಬಂದ ಮನುಷ್ಯ, ಈ ಸಲದ್ದನ್ನು ಇಂದಿಗೂ ಹೇಳಿಲ್ಲ.